ಹಳೆಯ ಪಟ್ಟಿ, ಮರೆಮಾಡಿದ ಗಡಿಯಾರ

ಹಳೆಯ ಕಂಪ್ಯೂಟರ್ ಕೊಳ್ಳಲು ಹೋದಾಗ ನಾನು ಮೊದಲು ನೋಡುವುದು ಅದರ ಬೆನ್ನಿನ ತಿರುಪುಮೊಳೆಗಳನ್ನು. ಮೊಳೆಯ ತಲೆ ಸವೆದಿದ್ದರೆ ಯಾರೋ ಹತ್ತಾರು ಸಲ ಬಿಚ್ಚಿ ಮುಚ್ಚಿದ್ದಾರೆಂದು ಅರ್ಥ. ಚೌಕಾಶಿ ಅಲ್ಲಿಂದಲೇ ಶುರು. ಮಾರುವವನು ಪರದೆಯ ಹೊಳಪು ತೋರಿಸುತ್ತಾ ನಿಂತಿರುತ್ತಾನೆ, ನಾನು ಹಿಂಬದಿಗೆ ಬಗ್ಗಿರುತ್ತೇನೆ. ನಿಮಗೂ ಹೇಳಿಟ್ಟಿರುತ್ತೇನೆ: ಏನೇ ಕೊಳ್ಳಿ, ಮಾರುವವರು ತೋರಿಸದ ಕಡೆಯನ್ನು ಮೊದಲು ನೋಡಿ. ಈ ಮಾತನ್ನು ಹೇಳುವ ನಾನೇ ಒಂದು ಕಡೆಯನ್ನು ಮುಚ್ಚಿಟ್ಟು ಮಾರಿದ್ದೆ. ಅದನ್ನು ನನಗೆ ತೋರಿಸಿಕೊಟ್ಟವರು ಕಣ್ಣು ಕಾಣದ ಒಬ್ಬ ಟೀಚರು, ಮತ್ತು ನಾನೇ ಮಾರಿದ ಒಂದು ಯಂತ್ರ.

ವ್ಯಾಪಾರದ ಬುದ್ಧಿ ನನಗೆ ಅಂಗಡಿಯಲ್ಲಿ ಬಂದದ್ದಲ್ಲ. ನಮ್ಮವ್ವ ಮಲ್ಲಟ ಎಂಬ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದಳು. ವಾರಕ್ಕೊಮ್ಮೆ ಮಾನ್ವಿಯ ಸಂತೆಗೆ ಹೊರಟಾಗ ನಮ್ಮ ಓಣಿಯ ನಾಲ್ಕಾರು ಮನೆಯವರು ಅವಳ ಕೈಗೆ ತಮ್ಮ ಚೀಲಗಳನ್ನೂ ಕೊಡುತ್ತಿದ್ದರು. ಎಲ್ಲರೂ ಹೋಗುವುದೇಕೆ, ಒಬ್ಬಳು ಹೋಗಿ ತಂದರೆ ಆಯಿತಲ್ಲ. ಆ ಚೀಲಗಳನ್ನು ಹೊರುವುದು ನನ್ನ ಕೆಲಸ. ಅವ್ವ ಸಂತೆಗೆ ಹೋದೊಡನೆ ಏನನ್ನೂ ಕೊಳ್ಳುತ್ತಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಧಾರಣೆ ಕೇಳುತ್ತಾ ಒಂದು ಸುತ್ತು ಹಾಕಿ ಬಂದ ಮೇಲೆಯೇ ಚೀಲದ ಬಾಯಿ ಬಿಚ್ಚುತ್ತಿದ್ದಳು. ನನಗೆ ಕಾಲು ನೋಯುತ್ತಿತ್ತು.

“ಯವ್ವಾ, ಹ್ವಾದ ವಾರನೂ ಕೇಳಿದ್ದೆಲ್ಲ, ಮತ್ಯಾಕ ಕೇಳಾಕತ್ತಿ?”

“ಹ್ವಾದ ವಾರದ್ದು ಹ್ವಾದ ವಾರಕ್ಕ ಆತು ಬೇ. ಇವತ್ತಿಂದು ಕೇಳಲಾರದ ಬಾಯಿ ತೆರದ್ರ ನಮ್ಮನ್ನ ಮಾರಿ ಬಿಡ್ತಾರ ಇವರು.”

ಮುಂದೆ ನಾನು ರಾಯಚೂರಿಗೆ ಬಂದು, ಟೈಪಿಂಗ್ ಕಲಿತು, ಕಚೇರಿಗಳು ಹೊರಹಾಕುವ ಹಳೆಯ ಕಂಪ್ಯೂಟರ್‌ಗಳನ್ನು ಕೊಂಡು ಸರಿಮಾಡಿ ಮಾರುವ ಅಂಗಡಿ ಇಟ್ಟೆ. ಬೆಸುಗೆ, ಬೋರ್ಡು, ವೈರಿನ ಕೆಲಸ ನನ್ನ ಪಾಲುದಾರನದು. ಮನೆಯಲ್ಲಿ ದಖನಿ ಮಾತಾಡುವವನು, ವಯಸ್ಸಿನಲ್ಲಿ ನನಗಿಂತ ದೊಡ್ಡವನಾದರೂ ನನ್ನನ್ನು ಆಪಾ, ಅಂದರೆ ಅಕ್ಕಾ, ಎನ್ನುತ್ತಾನೆ. ಕೊಳ್ಳುವುದು, ಮಾರುವುದು, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕುವುದು ನನ್ನ ಪಾಲು. ಹಳೆಯ ಯಂತ್ರವೂ ಲಿನಕ್ಸ್ ಹಾಕಿದರೆ ಎದ್ದು ಓಡಾಡುತ್ತದೆ. ಯಾರ ಪರವಾನಗಿಯೂ ಬೇಡ.

ಲಿನಕ್ಸ್‌ನಲ್ಲಿ ತಂತ್ರಾಂಶಗಳೆಲ್ಲ ದೂರದ ಒಂದು ಉಗ್ರಾಣದಲ್ಲಿರುತ್ತವೆ. ಅಲ್ಲಿ ಏನೇನಿದೆ, ಯಾವುದರ ಎಷ್ಟನೆಯ ಆವೃತ್ತಿ ಇದೆ ಎಂಬ ಪಟ್ಟಿಯನ್ನು ನಮ್ಮ ಯಂತ್ರ ತರಿಸಿಕೊಂಡು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಹೊಸದೇನಾದರೂ ಬಂದಿದೆಯೇ ಎಂದು ನಾವು ಕೇಳಿದರೆ ಅದು ನೋಡುವುದು ಹೊಟ್ಟೆಯೊಳಗಿನ ಆ ಪಟ್ಟಿಯನ್ನು, ದೂರದ ಉಗ್ರಾಣವನ್ನಲ್ಲ. ಆಗಾಗ ಪಟ್ಟಿಯನ್ನೇ ಹೊಸದಾಗಿ ತರಿಸಿಕೊಳ್ಳಬೇಕು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಧೈರ್ಯದ ಮೇಲೆಯೇ ನಾನು ಮೂರು ಉಳಿತಾಯಗಳನ್ನು ಮಾಡಿಕೊಂಡಿದ್ದೆ.

ಮೊದಲನೆಯದು, ಹಳ್ಳಿಯ ಕಡೆ ಇಂಟರ್ನೆಟ್ ಸಣ್ಣ ಧಾರೆ, ಆದ್ದರಿಂದ ಯಂತ್ರ ನಮ್ಮನ್ನು ಕೇಳದೆ ತಾನಾಗಿ ಹೊರಗೆ ಹೋಗಿ ತರುವುದನ್ನೆಲ್ಲ ನಿಲ್ಲಿಸಿಬಿಡುತ್ತಿದ್ದೆ. ಗಡಿಯಾರವನ್ನು ತಾನಾಗಿ ಸರಿಮಾಡಿಕೊಳ್ಳುವುದು ಕೂಡ ಅದರ ಜೊತೆಗೇ ನಿಂತಿತು. ಎರಡನೆಯದು, ಯಂತ್ರದೊಳಗೆ ಗುಂಡಿಯಂಥ ಒಂದು ಚಿಕ್ಕ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ತಾರೀಕು, ಸಮಯ ನೆನಪಿಟ್ಟುಕೊಳ್ಳುವುದು ಅದೇ. ಹಳೆಯ ಯಂತ್ರಗಳಲ್ಲಿ ಅದು ಸತ್ತಿರುತ್ತದೆ. ಗಿರಾಕಿ ಯಾರೂ ಅದನ್ನು ಕೇಳುವುದಿಲ್ಲ, ನಾನೂ ಹೊಸದು ಹಾಕುತ್ತಿರಲಿಲ್ಲ. ಆದರೆ ಸೆಲ್ ಸತ್ತರೆ ಪರದೆಯ ಮೂಲೆಯ ಗಡಿಯಾರ ಯಾವುದೋ ಹಳೆಯ ತಾರೀಕು ತೋರಿಸುತ್ತದೆ, ಗಿರಾಕಿ “ಇದ್ಯಾಕ್ರೀ ಹಿಂಗ?” ಎಂದು ಕೇಳುತ್ತಾನೆ. ಅದಕ್ಕೆ ನನ್ನ ಮೂರನೆಯ ಜಾಣತನ: ಮೂಲೆಯ ಗಡಿಯಾರವನ್ನೇ ಪರದೆಯಿಂದ ತೆಗೆದುಹಾಕುತ್ತಿದ್ದೆ. ಕಾಣದಿದ್ದರೆ ಕೇಳುವವರಿಲ್ಲ. ಪಾಲುದಾರ ಒಂದು ಸಲ “ನಕ್ಕೋ ಆಪಾ, ಬ್ಯಾಡ, ಗಡಿಯಾರ ಇರಲಿ, ಸೆಲ್ ಹಾಕೋಣು” ಎಂದಿದ್ದ. “ಗಿರಾಕಿ ಕೈಯಾಗ ಫೋನ್ ಅದಲ್ಲ, ಅದರಾಗ ನೋಡ್ಕೊಂತಾನ ಬಿಡು” ಎಂದು ಅವನ ಬಾಯಿ ಮುಚ್ಚಿಸಿದ್ದೆ.

ಹೀಗೆ ತಯಾರಾದ ಹನ್ನೆರಡು ಯಂತ್ರಗಳು ದೇವದುರ್ಗದ ಒಂದು ಪ್ರೌಢಶಾಲೆಗೆ ಹೋದವು. ಅಲ್ಲಿ ಕನ್ನಡ ಕಲಿಸುವ ಟೀಚರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಿಂದ ಕಂಪ್ಯೂಟರ್ ನಡೆಸುವುದನ್ನು ಆಕೆ ಚೆನ್ನಾಗಿ ಕಲಿತಿದ್ದರು. ಇಂಗ್ಲಿಷಿಗೆ ಒಂದು ದನಿ, ಕನ್ನಡಕ್ಕೆ ಒಂದು ದನಿ. ಮಕ್ಕಳಿಗೆ ಕಂಪ್ಯೂಟರ್ ತಾಸು ತಾನೇ ತೆಗೆದುಕೊಳ್ಳುತ್ತೇನೆಂದು ಹೆಡ್ ಮಾಸ್ತರರಲ್ಲಿ ಹಟ ಹಿಡಿದಿದ್ದರು. ಹೆಡ್ ಮಾಸ್ತರರು ಕೆಟ್ಟವರಲ್ಲ, ಅಂಜುವವರು. ಶನಿವಾರ ತಾನೇ ಬಂದು ಕೂರುವುದಾಗಿಯೂ, ಆಕೆ ಯಾರ ಸಹಾಯವೂ ಇಲ್ಲದೆ ಒಂದು ಪಾಠ ಮಾಡಿ ತೋರಿಸಿದರೆ ಸೋಮವಾರದಿಂದ ತಾಸು ಆಕೆಯದೆಂದೂ, ಇಲ್ಲವಾದರೆ ಡ್ರಿಲ್ ಮಾಸ್ತರರಿಗೆ ಕೊಡುವುದಾಗಿಯೂ ಹೇಳಿದ್ದರು.

ಆ ವಾರದಲ್ಲಿ ಟೀಚರು ನನಗೆ ಮೂರು ಸಲ ಫೋನ್ ಮಾಡಿದರು.

“ಅಕ್ಕಾರ, ನಿಮ್ಮ ಕನ್ನಡದಾಕಿ ಎರಡು ಸಾಲು ಓದಿ ಬಾಯಿ ಮುಚ್ಕೊಂತಾಳ. ಮಷೀನ್ ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಎರಡು ಸಾಲು.”

“ಇಂಗ್ಲಿಷಿನಾಕಿ?”

“ಆಕಿ ನಿಲ್ಲಂಗೇ ಇಲ್ರೀ, ನಮ್ಮ ಹೆಡ್ ಮಾಸ್ತರಂಗ.”

ನನ್ನ ಅಂಗಡಿಯಲ್ಲಿ ಅದೇ ಕನ್ನಡ ದನಿ ಪುಟಗಟ್ಟಲೆ ಓದುತ್ತಿತ್ತು. ಟೀಚರಿಂದ ಆವೃತ್ತಿಯ ಸಂಖ್ಯೆ ಕೇಳಿ ನೋಡಿದರೆ ನಮ್ಮದು ಹೊಸದು, ಅವರದು ಹಳೆಯದು. ಅಂದರೆ ದೋಷ ಸರಿಪಡಿಸಿದ ದನಿ ಉಗ್ರಾಣಕ್ಕೆ ಬಂದು ಕೂತಿದೆ, ಅವರು ತರಿಸಿಕೊಂಡಿಲ್ಲ.

“ಅಪ್‌ಡೇಟ್ ಒತ್ರಿ ಟೀಚರ.”

“ಒತ್ತೀನ್ರಿ. ಎಲ್ಲಾ ಹೊಸದೇ ಅದ, ತರೋದು ಏನೂ ಇಲ್ಲ ಅಂತದ.”

ಎರಡನೆಯ ಸಲವೂ ಅದೇ ಉತ್ತರ. ಮೂರನೆಯ ಸಲಕ್ಕೆ ನಾನು ವ್ಯಾಪಾರಿಗಳೆಲ್ಲ ಮಾಡುವುದನ್ನೇ ಮಾಡಿದೆ; ತಪ್ಪನ್ನು ಗಿರಾಕಿಯ ಕಡೆ ತಳ್ಳಿದೆ. “ಮಷೀನ್ ಚಲೋನೇ ಅದ ರೀ. ನೀವು ಯಾವುದೋ ಬಟನ್ ತಪ್ಪು ಒತ್ತಾಕತ್ತಿರಬೇಕು.”

ಟೀಚರು ಮೆಲ್ಲಗೆ, “ನನಗ ಕಣ್ಣು ಕಾಣಂಗಿಲ್ಲ ಖರೆ ಅಕ್ಕಾರ. ಬೆರಳು ಕಾಣ್ತಾವ” ಎಂದರು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ.

ದಾರಿಯಲ್ಲಿ ಮಸರಕಲ್ ದಾಟುವವರೆಗೂ ಹೆಡ್ ಮಾಸ್ತರರ ಜೊತೆ ಮನಸ್ಸಿನಲ್ಲೇ ಚೌಕಾಶಿ ನಡೆಸಿದ್ದೆ: ಒಂದು ವಾರ ಕೊಡಿ, ಯಂತ್ರ ರಾಯಚೂರಿಗೆ ಒಯ್ಯುತ್ತೇನೆ, ಬದಲಿಗೆ ಬೇರೊಂದು ಕೊಡುತ್ತೇನೆ. ಶಾಲೆಯ ಬಾಗಿಲಲ್ಲೇ ಅವರು ಸಿಕ್ಕರು. ಬಾಯಿ ತೆರೆಯುವ ಮೊದಲೇ ಕೈಯೆತ್ತಿದರು.

“ವಾರ ಗೀರ ಏನೂ ಇಲ್ರೀ. ಟೈಮ್ ಟೇಬಲ್ ಇವತ್ತೇ ಗ್ವಾಡಿಗಿ ಹಚ್ಚಬೇಕು. ಹನ್ನೊಂದಕ್ಕ ಬರ್ತೀನಿ.”

ಕಂಪ್ಯೂಟರ್ ಕೋಣೆಯಲ್ಲಿ ಟೀಚರು ಒಬ್ಬರೇ ಕುಳಿತಿದ್ದರು, ಮೊದಲ ಯಂತ್ರದ ಮುಂದೆ, ಕೈ ಮಡಿಚಿಕೊಂಡು. ನಾನು ಶಾಲೆಯ ಇಂಟರ್ನೆಟ್ ಇದೆಯೋ ಎಂದು ನೋಡಿದೆ, ಸಣ್ಣಗೆ ಇತ್ತು. ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು, ಪಟ್ಟಿ ಹೊಸದಾಗಿ ತಾ ಎಂದು ಕೊಟ್ಟೆ. ಸಾಲುಗಳು ಸರಸರ ಹರಿದವು. ಹೊಸದೆಲ್ಲ ತಂದು ಕೂರಿಸು ಎಂಬ ಎರಡನೆಯ ಆದೇಶ ಕೊಟ್ಟೆ. ಕೊನೆಯ ಸಾಲಿನಲ್ಲಿ ಸೊನ್ನೆ: ತರುವುದು ಏನೂ ಇಲ್ಲ. ಮತ್ತೆ ಕೊಟ್ಟೆ, ಮತ್ತೆ ಸೊನ್ನೆ. ನನ್ನ ಕಣ್ಣು ಯಾವಾಗಲೂ ಕೊನೆಯ ಸಾಲಿಗೇ ಹೋಗುತ್ತದೆ. ಇಷ್ಟು ವರ್ಷ ಯಾವ ಕಾಗದ ಓದಿದರೂ ಹಾಗೇ ಓದಿದವಳು ನಾನು.

ಟೀಚರು ಹಾಗಲ್ಲ. ಅವರ ಕಿವಿಗೆ ಇಂಗ್ಲಿಷ್ ದನಿ ಪ್ರತಿ ಸಾಲನ್ನೂ, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಓದುತ್ತಿತ್ತು.

“ತಡೀರಿ ಅಕ್ಕಾರ. ನಡುವ ಏನೋ ಅಂತು. ಮೊದಲಿಂದು ಇನ್ನೊಮ್ಮೆ ಮಾಡ್ರಿ.”

“ಅದೆಲ್ಲಾ ಮಾಮೂಲು ರೀ, ಹಂಗ ಏನೇನೋ ಬರೀತಿರ್ತದ.”

“ನಿಮಗ ಮಾಮೂಲು. ನನಗ ಓದಿ ಹೇಳಾಕತ್ತದ. ಮಾಡ್ರಿ.”

ಮಾಡಿದೆ. ಆಕೆ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದರು. ಹಣೆಯ ಮೇಲೆ ಗೆರೆ ಮೂಡಿತು.

“ಉಗ್ರಾಣದ ಈ ಪಟ್ಟಿ ಇನ್ನೂ ಜಾರಿಗಿ ಬಂದಿಲ್ಲಂತ ರೀ. ಜಾರಿಗಿ ಬರಾಕ ಇನ್ನೂ ಇನ್ನೂರಕ್ಕೂ ಮ್ಯಾಲ ದಿವಸ ಅದಾವಂತ. ಅದಕ್ಕ ಹೊಸಾದು ಬ್ಯಾಡ, ಹಳೇ ಪಟ್ಟೀನೇ ಇಟ್ಕೊಂತೀನಿ ಅಂತದ.” ಆಮೇಲೆ ಕೇಳಿದರು: “ಅಕ್ಕಾರ, ಇವತ್ತು ತಾರೀಕು ಏನಂತ ತಿಳ್ಕೊಂಡದ ಇದು?”

ತಾರೀಕು ಕೇಳುವ ಆದೇಶ ಕೊಟ್ಟೆ. ಯಂತ್ರ ಇನ್ನೂ ಹಿಂದಿನ ವರ್ಷದಲ್ಲೇ ಇತ್ತು.

ಆಗ ನನಗೆ ಆದದ್ದನ್ನು ಬೆರಗು ಎನ್ನದೆ ಬೇರೆ ಹೆಸರಿಲ್ಲ. ಉಗ್ರಾಣದಿಂದ ಬರುವ ಪ್ರತಿ ಪಟ್ಟಿಯ ಮೇಲೂ ಒಂದು ಮುದ್ರೆ ಇರುತ್ತದೆ, ಮುದ್ರೆಯಲ್ಲಿ ತಾರೀಕು ಇರುತ್ತದೆ. ಹಳಸಿದ ಪಟ್ಟಿಯನ್ನು ಹೊಸದೆಂದು ಯಾರೂ ತಂದು ತುರುಕಬಾರದು, ಕಳ್ಳಪಟ್ಟಿ ಒಳಗೆ ನುಸುಳಬಾರದು ಎಂದು ಈ ಏರ್ಪಾಡು. ಮುದ್ರೆ ಸರಿಯಿದೆಯೇ, ತಾರೀಕು ಹೊಂದುತ್ತದೆಯೇ ಎಂದು ನೋಡದೆ ಯಂತ್ರ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಯಂತ್ರ ಗುಂಡಿ ಒತ್ತಿದಾಗಲೆಲ್ಲ ಉಗ್ರಾಣದ ಬಾಗಿಲಿಗೆ ಹೋಗಿತ್ತು, ಪಟ್ಟಿಯನ್ನು ಕೈಯಲ್ಲಿ ಹಿಡಿದಿತ್ತು, ಮುದ್ರೆಯ ತಾರೀಕು ಓದಿತ್ತು, ತನ್ನ ಗಡಿಯಾರ ನೋಡಿಕೊಂಡಿತ್ತು. ‘ಈ ದಿನ ಇನ್ನೂ ಹುಟ್ಟಿಯೇ ಇಲ್ಲ, ಇದನ್ನು ಹೇಗೆ ನಂಬಲಿ’ ಎಂದು ಪ್ರಾಮಾಣಿಕವಾಗಿ ವಾಪಸು ಕೊಟ್ಟಿತ್ತು. ತಪ್ಪು ಗಡಿಯಾರ ಕೊಟ್ಟವಳು ನಾನು. ಅದರಲ್ಲೂ, ವಾಪಸು ಕೊಟ್ಟದ್ದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಿತ್ತು. ನಾನು ಗಿರಾಕಿಗಳಿಗೆಂದು ಪರದೆಯ ಮೇಲೆ ಇಟ್ಟಿದ್ದ ಚಂದದ ಅಪ್‌ಡೇಟ್ ಗುಂಡಿ ಆ ಮಾತನ್ನು ನುಂಗಿ, ‘ಎಲ್ಲಾ ಹೊಸದೇ’ ಎಂಬುದನ್ನಷ್ಟೇ ಆಚೆ ಬಿಡುತ್ತಿತ್ತು.

“ಗಡಿಯಾರ ಎಲ್ಲಿ ಇರ್ತದ ರೀ ಪರದೆ ಮ್ಯಾಲ?” ಟೀಚರು ಕೇಳಿದರು.

“ಮೂಲ್ಯಾಗ.”

“ಇದರಾಗ?”

ತಪ್ಪನ್ನು ಇಂಟರ್ನೆಟ್ಟಿನ ಮೇಲೆ ಹಾಕಬಹುದಿತ್ತು, ಶಾಲೆಯ ಕರೆಂಟಿನ ಮೇಲೆ ಹಾಕಬಹುದಿತ್ತು. ನಾಲಿಗೆ ತುದಿಗೆ ಎರಡೂ ಬಂದವು. ವಾರವೆಲ್ಲ ನಿಜ ಹೇಳಿಕೊಂಡೇ ಕೂತಿದ್ದ ಯಂತ್ರದ ಮುಂದೆ ಅವು ಹೊರಡಲಿಲ್ಲ.

“ಇದರಾಗ ನಾನ ತೆಗದೀನ್ರಿ. ತಪ್ಪು ತೋರಸ್ತಿತ್ತು. ಒಳಗ ಸೆಲ್ ಸತ್ತದ, ನಾ ಹೊಸಾದು ಹಾಕಿಲ್ಲ.”

ಬೈಗುಳಕ್ಕೆ ಕಾದೆ. ಆಕೆ ನಗತೊಡಗಿದರು. “ಛಲೋ ಮಾಡೀರಿ ಬಿಡ್ರಿ! ಕಣ್ಣಿದ್ದೋರಿಂದ ಮುಚ್ಚಿಡಾಕ ಹೋಗಿ, ಕಣ್ಣಿಲ್ಲದಾಕಿ ಕೈಯಾಗ ಸಿಕ್ಕೊಂಡ್ರಿ. ಈಗ ತಾರೀಕು ಹಾಕ್ರಿ ಲಗೂನ.”

ತಾರೀಕು, ಸಮಯ ಸರಿಪಡಿಸಿ ಮತ್ತೆ ಪಟ್ಟಿ ಕೇಳಿದೆ. ಈ ಸಲ ನಾನೂ ಪ್ರತಿ ಸಾಲು ಓದಿದೆ, ಜೀವನದಲ್ಲಿ ಮೊದಲ ಸಲ. ಯಂತ್ರ ಪಟ್ಟಿ ಹೇಗೆ ಕೇಳುತ್ತದೆ ನೋಡಿ: ಇಡೀ ಪಟ್ಟಿ ಕೊಡು ಎನ್ನುವುದಿಲ್ಲ. ‘ನನ್ನ ಹತ್ತಿರ ಇಂಥ ದಿನದ ಪಟ್ಟಿ ಇದೆ, ಆಮೇಲೆ ಏನಾದರೂ ಬದಲಾಗಿದೆಯೇ?’ ಎನ್ನುತ್ತದೆ. ಬದಲಾಗಿಲ್ಲದಿದ್ದರೆ ಉಗ್ರಾಣ ಒಂದೇ ಮಾತಿನಲ್ಲಿ ‘ಇಲ್ಲ’ ಎನ್ನುತ್ತದೆ. ಇದು ಇದ್ದದ್ದನ್ನೇ ಇಟ್ಟುಕೊಂಡು ಮುಂದೆ ಹೋಗುತ್ತದೆ. ಬದಲಾದ ಭಾಗವನ್ನು ಮಾತ್ರ ತರುತ್ತದೆ, ತಂದದ್ದನ್ನು ಮುದ್ರೆಯ ಜೊತೆ ತಾಳೆ ನೋಡುತ್ತದೆ. ಅವ್ವ ಸಂತೆಯಲ್ಲಿ ಹಾಕುತ್ತಿದ್ದ ಸುತ್ತು ಇದೇ. ಚೀಲದ ಬಾಯಿ ಬಿಚ್ಚದೆ ಇಡೀ ಸಂತೆ ಸುತ್ತುವುದು. ಇಷ್ಟು ಹಿಡಿತದಿಂದ ಖರ್ಚು ಮಾಡುವ ಜೀವಕ್ಕೆ ನಾನು ಉಳಿತಾಯ ಕಲಿಸಲು ಹೋಗಿದ್ದೆ!

“ಬಂತು ನೋಡ್ರಿ,” ಟೀಚರು ಕುರ್ಚಿಯ ತುದಿಗೆ ಬಂದರು. “ಹೊಸಾವು ಭಾಳ ಅದಾವಂತ.”

ಎಲ್ಲವನ್ನೂ ತರಲು ಹೊತ್ತಿಲ್ಲ. ಕನ್ನಡ ದನಿಯೊಂದನ್ನೇ ತಾ ಎಂದೆ. ಅರ್ಧ ಬಂದಿತ್ತು, ಕರೆಂಟ್ ಹೋಯಿತು.

ಕತ್ತಲಾಗಲಿಲ್ಲ, ಬೆಳಗಿನ ಬಿಸಿಲು ಕಿಟಕಿಯ ತುಂಬ ಇತ್ತು. ಆದರೆ ಫ್ಯಾನು ನಿಂತ ಸದ್ದು ಕೋಣೆಯನ್ನೆಲ್ಲ ತುಂಬಿತು. ಹನ್ನೊಂದಕ್ಕೆ ಹತ್ತು ನಿಮಿಷ. ಟೀಚರು ಕೀಲಿಮಣೆಯ ಮೇಲಿನ ಕೈ ತೆಗೆಯಲೇ ಇಲ್ಲ. ನಾನು ಪಾಲುದಾರನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ.

“ದೇಖೋ ಆಪಾ, ನಾ ಅವತ್ತೇ ಸೆಲ್ ಹಾಕೋಣು ಅಂದಿದ್ದೆ.”

“ಬೈಯೋದು ರಾಯಚೂರಾಗ ಬೈಯಿ. ಈಗ ಕರೆಂಟ್ ಬಂದ್ರ ತಾರೀಕು ಮತ್ತ ಹಿಂದಕ್ಕ ಹೋಗಿರ್ತದ. ಪಟ್ಟಿ ಮತ್ತ ಮೊದಲಿಂದ ಕೇಳಬೇಕೇನು?”

“ಯಾಕ ಕೇಳ್ತಿ? ಪಟ್ಟಿ ಹೊಟ್ಟ್ಯಾಗ ಬಂದು ಕುಂತದಲ್ಲ. ಮಾಲು ಅಷ್ಟೇ ತರಸು. ಅರ್ಧ ಬಂದದ್ದೂ ಎಲ್ಲೂ ಹೋಗಿರಂಗಿಲ್ಲ.”

ಕರೆಂಟ್ ಬಂದಾಗ ಹೆಡ್ ಮಾಸ್ತರರೂ ಬಂದರು. ಯಂತ್ರ ಎದ್ದಿತು, ತಾರೀಕು ಹಿಂದಿನ ವರ್ಷಕ್ಕೇ ಜಾರಿತ್ತು. ಮಾಲಿನ ಆದೇಶವನ್ನಷ್ಟೇ ಕೊಟ್ಟೆ. ಅವನು ಹೇಳಿದಂತೆಯೇ ಆಯಿತು. ಉಗ್ರಾಣಕ್ಕೆ ಹೋಗಿ ‘ಇಷ್ಟು ನನ್ನ ಹತ್ತಿರ ಇದೆ, ಉಳಿದದ್ದು ಕೊಡು’ ಎಂದು ಕೇಳಿ, ಕಡಿದ ಜಾಗದಿಂದಲೇ ಹಿಡಿದು, ಪೂರ್ತಿ ಮಾಡಿ, ತಾಳೆ ನೋಡಿ, ಕೂರಿಸಿತು. ನಾನು ಎದ್ದು ಗೋಡೆಗೆ ಒರಗಿದೆ. ಟೀಚರು ಪರದೆಯ ಮುಂದಿನ ಕುರ್ಚಿಯನ್ನು ಹೆಡ್ ಮಾಸ್ತರರಿಗೆ ತೋರಿಸಿ, ತಾವು ಪಕ್ಕದಲ್ಲಿ ಕುಳಿತರು.

“ನೀವ ವಿದ್ಯಾರ್ಥಿ ರೀ ಸರ್. ಒಂದು ರಜಾ ಅರ್ಜಿ ಬರೀರಿ.”

ಅವರು ಒಂದೊಂದೇ ಅಕ್ಷರ ಹುಡುಕಿ ಬರೆದರು. ಆಕೆ ಓದುವ ಗುಂಡಿ ಒತ್ತಿದರು. ಕನ್ನಡದ ದನಿ ಒಂದು ಸಾಲು ಓದಿತು. ಎರಡು ಓದಿತು. ಅದು ಬಾಯಿ ಮುಚ್ಚುತ್ತಿದ್ದದ್ದು ಇಲ್ಲೇ. ದನಿ ಮೂರನೆಯ ಸಾಲಿಗೆ ಇಳಿಯಿತು, ನಾಲ್ಕು, ಐದು. ‘ತಮ್ಮ ವಿಧೇಯ’ ಎನ್ನುವವರೆಗೂ ಓದಿ ತಾನಾಗಿ ನಿಂತಿತು. ಸತ್ತ ಸೆಲ್ಲಿನ ಒಂದು ಹಳೆಯ ಡಬ್ಬಿ, ನಾವ್ಯಾರೂ ನೋಡದ ಉಗ್ರಾಣದಿಂದ, ಯಾರೆಂದೇ ಗೊತ್ತಿಲ್ಲದವರು ಕೂತು ಸರಿಪಡಿಸಿದ ಕನ್ನಡವನ್ನು, ಯಾರನ್ನೂ ಏನೂ ಕೇಳದೆ ದೇವದುರ್ಗದ ಕೋಣೆಗೆ ತಂದು ಓದಿತ್ತು. ಚೌಕಾಶಿ ಮಾಡಿಯೇ ಬದುಕಿದ ನನಗೆ ಆ ಮಾತಿಗೆ ಬೆಲೆ ಕಟ್ಟಲು ಬರಲಿಲ್ಲ.

ಹೆಡ್ ಮಾಸ್ತರರು ತಲೆದೂಗಿ ಅರ್ಜಿಯ ಕಿಟಕಿಯನ್ನು ಪರದೆಯ ಮೇಲೆ ಮುಚ್ಚಲು ಹೋದರು. ಯಂತ್ರ ಏನೋ ಹೇಳಿತು, ಅವರು ಗುಂಡಿ ಒತ್ತುವುದರಲ್ಲಿದ್ದರು.

“ತಡೀರಿ ಸರ್! ಬರದದ್ದು ಉಳಸಲೋ ಬ್ಯಾಡೋ ಅಂತ ಕೇಳಾಕತ್ತದ. ನೀವು ಬ್ಯಾಡಾಂತ ಒತ್ತಾಕತ್ತೀರಿ.”

ಅವರ ಬೆರಳು ಗಾಳಿಯಲ್ಲೇ ನಿಂತಿತು. ಪರದೆಯನ್ನು ಹತ್ತಿರದಿಂದ ನೋಡಿದರು. ನಿಜಕ್ಕೂ ಅಲ್ಲಿಗೇ ಹೋಗಿತ್ತು ಬಾಣದ ಗುರುತು. “ನನಗ ಕಂಡಾ ಇಲ್ಲಲ್ರೀ ಟೀಚರ” ಎಂದರು.

“ನನಗ ಕೇಳಸ್ತು ರೀ.”

ಹೆಡ್ ಮಾಸ್ತರರು ಜೇಬಿನಿಂದ ಮಡಿಚಿದ ಟೈಮ್ ಟೇಬಲ್ ತೆಗೆದು, ಕಂಪ್ಯೂಟರ್ ತಾಸಿನ ಖಾಲಿ ಚೌಕದಲ್ಲಿ ಪೆನ್ನಿನಿಂದ ಆಕೆಯ ಹೆಸರು ಬರೆದು, ಗೋಡೆಗೆ ಹಚ್ಚಲು ಹೊರಟರು.

ಮಧ್ಯಾಹ್ನ ನಾನು ಗಡಿಯಾರ ರಿಪೇರಿಯವನ ಹತ್ತಿರ ಹೋಗಿ ಹನ್ನೆರಡು ಸೆಲ್ ತಂದೆ. ಚೌಕಾಶಿ ಮಾಡದೆ ತಂದೆ ಎಂದರೆ ಸುಳ್ಳಾಗುತ್ತದೆ, ಮಾಡಿದೆ. ಉಳಿದ ಹನ್ನೊಂದು ಯಂತ್ರಗಳನ್ನು ಒಂದೊಂದಾಗಿ ಉಗ್ರಾಣಕ್ಕೆ ಕಳಿಸಲಿಲ್ಲ. ಮೊದಲ ಯಂತ್ರವೇ ತಂದಿಟ್ಟುಕೊಂಡು ಉಳಿದವಕ್ಕೆ ಹಂಚುವ ವ್ಯವಸ್ಥೆ ಮಾಡಿದೆ, ಓಣಿಯ ಚೀಲಗಳನ್ನೆಲ್ಲ ಅವ್ವ ಒಬ್ಬಳೇ ತುಂಬಿಸಿಕೊಂಡು ಬರುತ್ತಿದ್ದಂತೆ. ಆ ಹನ್ನೊಂದೂ ಪಕ್ಕದವನು ಕೊಟ್ಟದ್ದೆಂದು ಮುದ್ರೆ ನೋಡುವುದನ್ನು ಬಿಡಲಿಲ್ಲ. ಅವೂ ತಾಳೆ ನೋಡಿಯೇ ಒಳಗೆ ಬಿಟ್ಟುಕೊಂಡವು. ಎಲ್ಲದರ ಮೂಲೆಗೂ ಗಡಿಯಾರ ವಾಪಸು ಬಂತು.

ಸೋಮವಾರ ಬೆಳಿಗ್ಗೆ ಮಾನ್ವಿಗೆ ಹೋದೆ. ಅಲ್ಲಿನ ಒಂದು ಓದುವ ಕೋಣೆಗೆ ನಾನೇ ಹಿಂದೆ ಎಂಟು ಯಂತ್ರ ಕೊಟ್ಟಿದ್ದೆ. ಒಂದು ದೂರೂ ಬಂದಿರಲಿಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು. ಮೊದಲನೆಯದನ್ನು ತೆರೆದು ಸಾಲುಗಳನ್ನು ಓದಿದೆ. ಅದೇ ಮಾತು. ಗುಂಡಿ ಒತ್ತಿದ ಪ್ರತಿ ಸಲ ಉಗ್ರಾಣದ ಬಾಗಿಲಿಗೆ ಹೋಗಿ, ನಂಬಲಾಗದೆ ತಿರುಗಿ ಬಂದು, ಹಾಗೆಂದು ಬರೆದಿಟ್ಟು, ಓದುವವರಿಗಾಗಿ ಕಾಯುತ್ತಿತ್ತು. ಹಳೆಯ ಯಂತ್ರ ಇಟ್ಟುಕೊಂಡವರು ಇವತ್ತೇ ಒಂದು ಕೆಲಸ ಮಾಡಿ: ತಾರೀಕು ನೋಡಿ, ಆಮೇಲೆ ಪಟ್ಟಿ ಕೇಳಿ, ನಡುವಿನ ಸಾಲುಗಳನ್ನು ಓದಿ.

ನಾನು ಸೆಲ್ ಬದಲಿಸುತ್ತಿದ್ದಾಗ ದೇವದುರ್ಗದಿಂದ ಫೋನ್ ಬಂತು. ಟೀಚರ ಮೊದಲ ಕಂಪ್ಯೂಟರ್ ತಾಸು.

“ಏನ್ ಕಲಸಾಕತ್ತೀರಿ ಟೀಚರ?”

“ಕೇಳ್ರಿ ಇಲ್ಲೆ” ಎಂದು ಫೋನನ್ನು ಎಲ್ಲೋ ಎತ್ತಿ ಹಿಡಿದರು. ಮಕ್ಕಳೆಲ್ಲ ಸೇರಿ, ಗುಂಡಿ ಒತ್ತುವ ಮೊದಲು, ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಮೊದಲಿನಿಂದ, ಒಂದನ್ನೂ ಬಿಡದೆ. ನಾನು ತಿರುಪುಳಿ ಕೆಳಗಿಟ್ಟು, ಕೊನೆಯ ಸಾಲಿನವರೆಗೂ ಕೇಳಿದೆ.